ಮರುವಾಯಿ ಉಗುಳದೆ ಉಳಿಸಿಕೊಂಡದ್ದು

ಮರುವಾಯಿ ಎಂಬ ಚಿಪ್ಪುಜೀವಿಯನ್ನು ಕೊಂಡು ತಂದ ದಿನ ನಮ್ಮ ಮಂಗಳೂರಿನ ಮನೆಗಳಲ್ಲಿ ಅದನ್ನು ಕೂಡಲೆ ಒಲೆಗೆ ಏರಿಸುವುದಿಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ, ಅದರಲ್ಲಿ ಕೆಲವು ಗಂಟೆ ಬಿಟ್ಟು, ಅದು ತನ್ನ ಒಡಲಿನ ಮರಳನ್ನೆಲ್ಲ ಉಗುಳಿದ ಮೇಲೆಯೇ ಅಡುಗೆಗೆ ತೆಗೆದುಕೊಳ್ಳುವುದು ವಾಡಿಕೆ. ಮೊನ್ನೆ ಆದಿತ್ಯವಾರ ಆ ಪಾತ್ರೆಯ ಮುಂದೆ ಕುಳಿತು ನೋಡುತ್ತಿದ್ದೆನು. ಚಿಪ್ಪು ಎಳ್ಳಿನಷ್ಟು ತೆರೆಯಿತು. ಬಿಳಿಯ ನಾಲಗೆಯಂಥದೊಂದು ಹೊರಚಾಚಿತು. ಒಂದು ಚಿಟಿಕೆ ಮರಳು ತಳಕ್ಕಿಳಿಯಿತು. ಮರಳನ್ನು ಉಗುಳಬಲ್ಲ ಈ ಪ್ರಾಣಿ ಸೀಸವನ್ನೂ ಕ್ಯಾಡ್ಮಿಯಮನ್ನೂ ಹಾಗೆಯೇ ಉಗುಳಬಲ್ಲುದೆ ಎಂಬ ಶಂಕೆ ಆ ಹೊತ್ತಿಗೇ ಹುಟ್ಟಿದುದು ಊಟದ ದೃಷ್ಟಿಯಿಂದ ಒಳ್ಳೆಯದಾಗಲಿಲ್ಲ.

ಬೇಟೆಯಾಡಿ ತಿನ್ನುವ ಜೀವವಲ್ಲ ಅದು. ಕೆಸರಿನಲ್ಲಿ ಹುದುಗಿ, ನೀರನ್ನು ಒಂದು ನಾಳದಿಂದ ಒಳಗೆಳೆದು, ಕಿವಿರುಗಳಲ್ಲಿ ಸೋಸಿ, ಸೂಕ್ಷ್ಮವಾದ ಆಹಾರಕಣಗಳನ್ನು ಉಳಿಸಿಕೊಂಡು, ಮಿಕ್ಕುದನ್ನು ಇನ್ನೊಂದು ನಾಳದಿಂದ ಬಿಡುವುದೇ ಅದರ ಬಾಳುವೆಯಾದುದರಿಂದ, ನೀರಿನಲ್ಲಿ ಅತ್ಯಲ್ಪವಾಗಿರುವ ಲೋಹವೂ ಅದರ ಮಾಂಸದಲ್ಲಿ ದಿನೇದಿನೇ ಸಂಚಯವಾಗುತ್ತದೆ. ಕಡಲತೀರದ ಮಾಲಿನ್ಯವನ್ನು ಅಳೆಯಹೊರಟ ವಿಜ್ಞಾನಿಗಳು ಚಿಪ್ಪುಜೀವಿಗಳನ್ನು ಸಾಕ್ಷಿಗೆ ಕರೆಯುವುದು ಈ ಕಾರಣದಿಂದಲೇ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸವು ಮೀನು ಮತ್ತು ಚಿಪ್ಪುಜೀವಿಗಳ ಮೂಲಕವೇ ಬೆಸ್ತರ ನರಮಂಡಲವನ್ನು ಹೊಕ್ಕಿತು. 1956ರಲ್ಲಿ ಆ ವ್ಯಾಧಿ ವೈದ್ಯರ ಲೆಕ್ಕಕ್ಕೆ ಬರುವ ಮೊದಲೇ ಬೆಕ್ಕುಗಳು ತೂರಾಡಿ ಸತ್ತಿದ್ದವು.

ಘಟ್ಟದಲ್ಲಿ ಹುಟ್ಟಿ ಗುರುಪುರ, ಮಳವೂರು, ಕೂಳೂರುಗಳನ್ನು ದಾಟಿ, ಬೆಂಗ್ರೆಯ ಬಳಿ ನೇತ್ರಾವತಿಯೊಡನೆ ಅಳಿವೆಯನ್ನು ಸೇರುವ ನಮ್ಮ ಫಲ್ಗುಣಿಯ ಆಸುಪಾಸಿನಲ್ಲಿ 1975ಕ್ಕೆ ನವಮಂಗಳೂರು ಬಂದರು, 1976ಕ್ಕೆ ಪಣಂಬೂರಿನ ರಸಗೊಬ್ಬರದ ಕಾರ್ಖಾನೆ, 1996ಕ್ಕೆ ತೈಲಾಗಾರ, ನಡುವೆ ಬೈಕಂಪಾಡಿಯ ನೂರಾರು ಉದ್ಯಮಗಳು ತಲೆಯೆತ್ತಿದುವು. ಜಲಮಾಲಿನ್ಯವನ್ನು ತಡೆಯುವ ಕಾಯಿದೆಯಾದರೋ 1974ರದು. ಕಾಯಿದೆ ಬರುವುದು ತಡವಾಯಿತೆಂದು ಹೇಳುವ ಸೌಕರ್ಯವೂ ನಮಗಿಲ್ಲ! ಆದರೂ ತೋಕೂರು ಹಳ್ಳದ ಕಪ್ಪು ನೀರನ್ನೂ ಜೋಕಟ್ಟೆಯ ಮಾಡುಗಳ ಮೇಲೆ ಕೂರುವ ಕೋಕಿನ ಹುಡಿಯನ್ನೂ ಕುರಿತು ಅಲ್ಲಿನವರು ವರ್ಷಗಟ್ಟಲೆ ದೂರುತ್ತಲೇ ಬಂದಿದ್ದಾರೆ.

ಗಾಳಿಯ ವಿಷಯದಲ್ಲಿ ನಾವು ಮೂಗನ್ನು ನಂಬುತ್ತೇವೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಮಾತ್ರ ಪ್ರಮಾಣ ಹೆಚ್ಚಾದೊಡನೆ ಘ್ರಾಣಶಕ್ತಿಯನ್ನೇ ಕುಂದಿಸುವುದರಿಂದ, ನಾತ ಹೋಯಿತೆಂದು ನಿಟ್ಟುಸಿರುಬಿಡುವವನೇ ಹೆಚ್ಚಿನ ಅಪಾಯದಲ್ಲಿರಬಹುದು. ನೀರಿನ ವಿಷಯದಲ್ಲಿ ನಂಬುವುದು ಕಡಲನ್ನು: ಹೊಳೆಗೆ ಬಿಟ್ಟುದು ಕಡಲಿಗೆ ಹೋಯಿತು, ಕಡಲು ದೊಡ್ಡದು, ತೀರಿತು. ಅಳಿವೆಯ ರೀತಿ ಬೇರೆ. ದಿನಕ್ಕೆ ಎರಡು ಸಲ ಉಬ್ಬರವು ನೀರನ್ನು ಮೇಲಕ್ಕೆ ದೂಡುತ್ತದೆ. ಘಟ್ಟದ ನೀರು ಬಡವಾಗುವ ಬೇಸಿಗೆಯಲ್ಲಂತೂ ಇಳಿತದೊಡನೆ ಹೊರಟ ಕಲ್ಮಷದ ಒಂದು ಪಾಲು ಮರಳಿ ಬಂದು, ಮರುವಾಯಿ ಬಾಯ್ದೆರೆದಿರುವ ಕೆಸರಿನ ಮೇಲೆಯೇ ನಿಲ್ಲುತ್ತದೆ.

ಈ ವಾರವೂ ಮರುವಾಯಿ ಬಂದಿತ್ತು. "ಯಾವ ಹೊಳೆಯದಮ್ಮ, ಕೂಳೂರಿನದೊ ನೇತ್ರಾವತಿಯದೊ?" ಎಂದು ಮಾರುವಾಕೆಯನ್ನು ಕೇಳಿದೆನು. ಇಷ್ಟು ವರ್ಷ ನಾನು ಕೇಳದಿದ್ದ ಪ್ರಶ್ನೆಯದು. "ಹೊಳೆದ್ದೇ ಅಣ್ಣ, ಬೆಳಿಗ್ಗೆ ಹೆಕ್ಕಿದ್ದು," ಎಂದು ಆಕೆ, ಎಣಿಸಿದ ನೂರರ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿದಳು.