ಗೂಡು ಕಟ್ಟುದು ಯಾರು, ಗುಡಿಸುದು ಯಾರು?

ನಮ್ಮ ಉಳ್ಳಾಲದಲ್ಲಿ ಹಿತ್ತಿಲಲ್ಲಿ ಕೋಳಿಗೂಡು ಕಟ್ಟುವಾಗ ಮಾತಾಡುದು ಮನೆಯ ಗಂಡಸ್ರು, ಮೇಸ್ತ್ರಿ, ವೆಲ್ಡಿಂಗಿನವ. ಕಟ್ಟಿ ಆದ ಮೇಲೆ ದಿನಾ ಬೆಳಿಗ್ಗೆ ಅದರೊಳಗೆ ತಲೆ ಹಾಕುದು ನಾವು. ಹಾಗಾದ್ರೆ ಅಳತೆ ಯಾರದ್ದಾಗ್ಬೇಕು? ಗುಡಿಸುವವಳದ್ದು. ನನ್ನ ಜಗಳ ಇಷ್ಟೇ.

ಈಗಿನ ಹೆಚ್ಚಿನ ಗೂಡು ನೋಡಿ ಅಕ್ಕಾ. ನೆಲಕ್ಕೆ ತಾಗಿಕೊಂಡು ಉಂಟು, ಬಾಗಿಲು ಅಂದ್ರೆ ಒಂದಡಿ ಕಿಂಡಿ. ಕೋಳಿಗೆ ಸಾಕು, ನಮಗೆ? ಮೊಣಕಾಲೂರಿ ಅರ್ಧ ಮೈ ಒಳಗೆ ತೂರಿಸಿ ಹಿಡಿಸೂಡಿ ಆಡಿಸ್ಬೇಕು. ಎರಡು ದಿನ ಮಾಡ್ತೇವೆ, ಮೂರನೇ ದಿನ ಸೊಂಟ ಕೇಳುದಿಲ್ಲ. ಆಟಿಯ ಮಳೆಗೆ ಹಿಕ್ಕೆ ಒದ್ದೆಯಾದ್ರೆ ಕಣ್ಣುರಿಯುವ ಅಮೋನಿಯಾ ವಾಸನೆ, ಮರಿಗಳಿಗೆ ರಕ್ತಭೇದಿ. ಮತ್ತೆ ಕೇಳ್ಬೇಕಾದ ಮಾತು, "ನಿನಗೆ ಉದಾಸೀನ." ಉದಾಸೀನ ಅಲ್ಲ ಮಾರಾಯ್ರೆ, ಗೂಡೇ ಸರಿ ಇಲ್ಲ.

"ಅಜ್ಜಿ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಅಂತ ಕೇಳುವವರಿದ್ದಾರೆ. ಅಜ್ಜಿಯ ಕೋಳಿ ಹಗಲಿಡೀ ತೋಟದಲ್ಲಿ ಕೆದಕಿಕೊಂಡಿತ್ತು, ರಾತ್ರಿ ಮಾತ್ರ ಬುಟ್ಟಿಯಡಿಗೆ. ಈಗ ಐದು ಸೆಂಟ್ಸ್ ಜಾಗ, ಹೊರಗೆ ನಾಯಿ, ರಸ್ತೆ. ಹಿಕ್ಕೆಯೆಲ್ಲ ಒಂದೇ ಕಡೆ ಬೀಳ್ತದೆ. ಅದನ್ನು ತೆಗಿಲಿಕ್ಕೆ ಸುಲಭ ಇರ್ಬೇಡ್ವಾ?

ಆರು ಕೋಳಿಗೆ ಆರಡಿ ಉದ್ದ, ಮೂರಡಿ ಅಗಲ ಸಾಕು. ಮೂರಡಿಗಿಂತ ಅಗಲ ಬೇಡ, ಕೈ ಆಚೆ ಗೋಡೆಗೆ ಮುಟ್ಟುದಿಲ್ಲ. ಗೂಡಿನ ನೆಲ ಎರಡೂವರೆ ಅಡಿ ಎತ್ತರದಲ್ಲಿರ್ಲಿ, ನಮ್ಮ ಸೊಂಟದ ಹತ್ತಿರಕ್ಕೆ. ಹಿಂದಿನ ಬಾಗಿಲು ಉದ್ದಕ್ಕೂ ಪೂರ್ತಿ ತೆರಿಬೇಕು, ಆಗ ಉಮಿ, ಮರದ ಹುಡಿ ಎಲ್ಲ ಒಂದೇ ಸಲ ಬುಟ್ಟಿಗೆ ಎಳಿಬಹುದು. ಕೋಳಿ ರಾತ್ರಿ ಕೋಲಿನ ಮೇಲೆ ಕೂತಲ್ಲೇ ತುಂಬ ಹಿಕ್ಕೆ ಹಾಕ್ತದೆ. ಕೋಲಿನಡಿಗೆ ಎಳೆದು ತೆಗೆಯುವ ಒಂದು ಹಲಗೆ ಇಟ್ರೆ ಬೆಳಗಿನ ಕೆಲಸ ಐದು ನಿಮಿಷ. ಮೊಟ್ಟೆಪೆಟ್ಟಿಗೆ ಕೋಲಿಗಿಂತ ತಗ್ಗಿನಲ್ಲಿರ್ಲಿ, ಇಲ್ಲಾಂದ್ರೆ ಅದರಲ್ಲೇ ಮಲಗಿ ಗಲೀಜು ಮಾಡ್ತವೆ. ಅದರ ಮುಚ್ಚಳ ಹೊರಗಿನಿಂದ ತೆಗೆಯುವ ಹಾಗಿರ್ಲಿ.

ತಗಡಿನ ಮಾಡು ಬೇಡ. ಸೆಕೆಗೆ ಕಾಯ್ತದೆ, ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿತದೆ. ನೇತ್ರಾವತಿಯ ಆಚೆ ಜೆಪ್ಪುವಿನಲ್ಲಿ ಬಾಸೆಲ್ ಮಿಷನಿನವರು 1865ರಲ್ಲೇ ಹಂಚಿನ ಕಾರ್ಖಾನೆ ಹಾಕಿದ್ರು, ಇಲ್ಲಿ ಕೋಳಿಗೆ ತಗಡು ಯಾಕೆ? ಹಳೇ ಮನೆ ಬಿಚ್ಚಿದಲ್ಲಿ ಹಂಚು ಸಿಗ್ತದೆ. ಕಂಬಕ್ಕೆ ಕೆಂಪುಕಲ್ಲು. ಮಳೆಗಾಳಿ ಕಡಲಿನಿಂದ ಬರುದು, ಪಶ್ಚಿಮಕ್ಕೆ ಗೋಡೆ ಮುಚ್ಚಿ, ಪೂರ್ವಕ್ಕೆ ಜಾಲರಿ ಹಾಕಿ. ಮಾಡಿನಡಿಯಲ್ಲಿ ಗಾಳಿಗೆ ಜಾಗ ಬಿಡಿ. ಜಾಲರಿ ಅರ್ಧ ಇಂಚಿನ ವೆಲ್ಡ್‌ಮೆಶ್ಶೇ ಆಗ್ಬೇಕು. ತೆಳು ಕೋಳಿನೆಟ್ಟು ಕೋಳಿಯನ್ನು ಒಳಗೆ ನಿಲ್ಲಿಸ್ತದೆ, ಮುಂಗುಸಿ, ಕಾಡುಬೆಕ್ಕನ್ನು ಹೊರಗೆ ನಿಲ್ಲಿಸುದಿಲ್ಲ. ಮರದ ಚೌಕಟ್ಟಿಗೆ ಹೊಡೆದ್ರೆ ತುಕ್ಕು ಹಿಡಿದ ತುಂಡು ಮಾತ್ರ ಬದಲಿಸಬಹುದು.

ಖರ್ಚು ಜಾಸ್ತಿ ಅಂತಾರೆ. ಸ್ವಲ್ಪ ಜಾಸ್ತಿ, ಹೌದು. ಆದ್ರೆ ಗುಡಿಸ್ಲಿಕ್ಕಾಗದೆ ಬಿಟ್ಟ ಖಾಲಿ ಗೂಡು ಎಷ್ಟು ಹಿತ್ತಿಲಲ್ಲಿ ಉಂಟು, ಲೆಕ್ಕ ಹಾಕಿ. ಅದಕ್ಕೆ ಹಾಕಿದ ದುಡ್ಡು ಪೂರ್ತಿ ನೀರಿಗೆ. ಮೊಟ್ಟೆ ಮಾರಿದ ಹತ್ತಿಪ್ಪತ್ತು ರೂಪಾಯಿ, ಯಾರನ್ನೂ ಕೇಳದೆ ಖರ್ಚು ಮಾಡುವ ನಮ್ಮ ದುಡ್ಡು, ಅದೂ ಹೋಯಿತು.

ಮೇಸ್ತ್ರಿ ಬಂದಾಗ ಚಾ ಕೊಟ್ಟು ಒಳಗೆ ಹೋಗ್ಬೇಡಿ. ಟೇಪು ನೀವೇ ಹಿಡಿರಿ.