ಉಪಚಾರದ ಮಾತು ಸುಳ್ಳೇ?

ಇರಾನಿಗೆ ಹೋಗಿಬಂದ ನಮ್ಮವರ ಬಾಯಲ್ಲಿ ಒಂದು ಕಥೆ ತಪ್ಪದೆ ಬರುತ್ತದೆ. ತೆಹರಾನಿನಲ್ಲಿ ಟ್ಯಾಕ್ಸಿಯಿಂದ ಇಳಿದು ಬಾಡಿಗೆ ಎಷ್ಟೆಂದು ಕೇಳಿದರೆ ಚಾಲಕ 'ಗಾಬೆಲ್ ನದಾರೆ' ಎನ್ನುತ್ತಾನೆ. ತಮ್ಮ ಮುಂದೆ ಇದೆಷ್ಟರದು, ಹಣದ ಮಾತೇಕೆ ಎಂದು ಭಾವ. ಇವರು ಕೈಮುಗಿದು ಹೊರಟರೆ ಅವನ ಮುಖ ಕಪ್ಪಿಡುತ್ತದೆ. ಅಲ್ಲಿಗೆ ತೀರ್ಪು ಸಿದ್ಧ: ಪಾರಸಿಯವರ ಮರ್ಯಾದೆಯೆಲ್ಲ ಬರಿಯ ಬೂಟಾಟಿಕೆ!

ಈ ತೀರ್ಪನ್ನು ನಾನು ಒಪ್ಪಲಾರೆ. ಸುಳ್ಳೆನ್ನಬೇಕಾದರೆ ಮೋಸಹೋದವನೊಬ್ಬ ಇರಬೇಕಷ್ಟೆ. ಎರಡು ಮೂರು ಬಾರಿ ಒತ್ತಾಯಮಾಡಿ ಹಣ ಕೊಡಬೇಕೆಂಬುದು ಅಲ್ಲಿಯ ಹುಡುಗನಿಗೂ ಗೊತ್ತು. ಕೊಡುತ್ತಾರೆಂಬುದು ಚಾಲಕನಿಗೂ ಗೊತ್ತು. ಇದಕ್ಕೆ ಅವರು 'ತಾರೋಫ್' ಎನ್ನುತ್ತಾರೆ. ಅರಬ್ಬಿಯಿಂದ ಬಂದ ಈ ಶಬ್ದದ ಮೂಲಾರ್ಥ ಒಬ್ಬರನ್ನೊಬ್ಬರು ಅರಿಯುವುದು. ಹುರುಳಿಲ್ಲದ ಕರೆಗೆ ಅವರಲ್ಲಿ ಬೇರೆಯೇ ಹೆಸರುಂಟು: 'ಶಾ ಅಬ್ದುಲ್ ಅಜೀಮಿ ತಾರೋಫ್'. ಟೊಳ್ಳನ್ನು ಗುರುತಿಸಿ ಹೆಸರಿಟ್ಟು ನಗುವ ಜನಕ್ಕೆ ಗಟ್ಟಿ ಯಾವುದೆಂದು ತಿಳಿಯದೆ?

ಇದು ಆ ಭಾಷೆಯ ವ್ಯಾಕರಣದೊಳಗೇ ಹೊಕ್ಕಿದೆ. ತಾನು ಹೇಳುವುದು 'ಅರ್ಜ್', ಎದುರಿನವರು ಹೇಳಿದರೆ 'ಫರ್ಮಾಯೆಶ್'. ತನ್ನನ್ನು 'ಬಂದೆ', ಎಂದರೆ ದಾಸ, ಎಂದು ಕರೆದುಕೊಳ್ಳುವುದೂ ಉಂಟು. 'ಬೆಫರ್ಮಾಯಿದ್' ಎಂಬ ಒಂದೇ ಮಾತು ಒಳಗೆ ಬನ್ನಿ, ಕೂಡಿ, ಊಟಮಾಡಿ, ಮಾತಾಡಿ, ಎಲ್ಲಕ್ಕೂ ಸಲ್ಲುತ್ತದೆ. ಅಕ್ಷರಶಃ ಅದು 'ಅಪ್ಪಣೆಯಾಗಲಿ'. ಬಿನ್ನವಿಸು, ದಯಮಾಡಿಸು ಎಂಬ ಮಾತುಗಳಿರುವ ನಮಗೆ ಇದು ಅಪರಿಚಿತವೇ? ಆ 'ಅರ್ಜ್' ನಮ್ಮ ಕಚೇರಿಗಿಳಿದು 'ಅರ್ಜಿ'ಯಾಗಿದೆ. ಅದರ ಕೆಳಗೆ 'ತಮ್ಮ ವಿಧೇಯ' ಎಂದು ಸಹಿಹಾಕಿದವನನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲ. 'ಹೋಗಿಬರುತ್ತೇನೆ' ಎಂದು ಹೋದವರಿಗಾಗಿ ನಾವೇನು ಬಾಗಿಲು ತೆರೆದಿಟ್ಟು ಕಾಯುತ್ತೇವೆಯೆ?

ತಾರೋಫಿನಲ್ಲಿ ಮೇಲು ಕೀಳಿನ ಲೆಕ್ಕವಿಲ್ಲವೆಂದು ನಾನು ವಾದಿಸುತ್ತಿಲ್ಲ. ವಿಲಿಯಂ ಬೀಮನ್ 1986ರಲ್ಲಿ ಇರಾನಿನ ಭಾಷೆ, ಅಂತಸ್ತು, ಅಧಿಕಾರಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಇಬ್ಬರೂ ತಮ್ಮನ್ನು ತಗ್ಗಿಸಿ ಇನ್ನೊಬ್ಬರನ್ನು ಏರಿಸಿದರೆ ಅದು ಸೊಗಸು. ಒಬ್ಬನೇ ಸದಾ ತಗ್ಗುತ್ತಿದ್ದರೆ ಅದರ ಪರವಾಗಿ ನನ್ನ ವಕಾಲತ್ತಿಲ್ಲ. 1979ರ ಕ್ರಾಂತಿಯ ತರುವಾಯ ಅಣ್ಣ, ಅಕ್ಕ ಎಂಬ ಸಂಬೋಧನೆಗಳು ಕಚೇರಿಗಳಿಗೂ ಬಂದವು; ತಾರೋಫ್ ಮಾತ್ರ ಅಳಿಯಲಿಲ್ಲ.

ನನ್ನ ನಿಜವಾದ ಜಗಳ ಭಾಷೆ ಕಲಿಸುವ ನಮ್ಮಂಥವರೊಡನೆ. ಕ್ರಿಯಾಪದದ ರೂಪಗಳನ್ನೆಲ್ಲ ಉರುಹೊಡೆಸುತ್ತೇವೆ. ಯಾವ ಮಾತಿಗೆ ಯಾವ ಮರುಮಾತು, ಎಷ್ಟು ಸಲ ಬೇಡವೆನ್ನಬೇಕು ಎಂಬುದು ಪಾಠದಲ್ಲಿರುವುದಿಲ್ಲ. ಹೀಗೆ ಕಲಿತವನು ಪರದೇಶದಲ್ಲಿ ಒರಟನೆನಿಸಿಕೊಂಡು, ಊರಿಗೆ ಬಂದು ಆ ಜನವನ್ನೇ ಕಪಟಿಗಳೆನ್ನುತ್ತಾನೆ. ಇರಾನಿನ ಶಾಲೆಯಲ್ಲಿ ಹುಡುಗ ಬೆರಳೆತ್ತಿ 'ಆಗಾ, ಎಜಾಜೆ' ಎಂದು ಮೇಷ್ಟರ ಅನುಮತಿ ಬೇಡುತ್ತಾನೆ. ಪಾಠ ಮುಗಿದಾಗ 'ಖಸ್ತೆ ನಬಾಶೀದ್', ತಮಗೆ ದಣಿವಾಗದಿರಲಿ, ಎನ್ನುವುದು ವಾಡಿಕೆ. ಇದನ್ನೇ ಪಾಠ ಮುಗಿಯುವ ಮುನ್ನ ಅಂದರೆ, ಇನ್ನು ಸಾಕು ಎಂಬ ಸೂಚನೆ. ನಮ್ಮ ಹುಡುಗರು ಅದೇ ಕೆಲಸಕ್ಕೆ ನೆಲಕ್ಕೆ ಬೂಟು ಉಜ್ಜುತ್ತಾರೆ.