ಆಕಾರ ನೋಡಿ ಅಂತಸ್ತು

ಟ್ರಾನ್ಸ್‌ಫಾರ್ಮರ್ಸ್ ಎಂದರೆ ಮಕ್ಕಳ ಆಟಿಕೆ ಎಂದು ಮೂಗು ಮುರಿಯುವವರು ಜೇಮ್ಸ್ ರಾಬರ್ಟ್ಸ್ 2012ರಿಂದ ಬರೆದ ಕಾಮಿಕ್ಸ್ ಸರಣಿಯನ್ನೊಮ್ಮೆ ಓದಬೇಕು. ಅಲ್ಲಿನ ಸೈಬರ್ಟ್ರಾನ್ ಗ್ರಹದಲ್ಲಿ ರೋಬೋಟ್ ಯಾವ ವಸ್ತುವಾಗಿ ಮಾರ್ಪಡುತ್ತದೋ ಅದೇ ಅದರ ಕಸುಬು, ಅದೇ ಅಂತಸ್ತು. ಕಥೆಯ ಇನ್ನೊಂದು ಕಾಲಧಾರೆಯಲ್ಲಂತೂ ಇದನ್ನು ದೈವನಿಯಮವೆಂದು ಸಾರುವ 'ಫಂಕ್ಷನಿಸ್ಟ್' ಮಂಡಳಿಯೇ ದೊರೆ. ಬೇಡವೆನಿಸಿದ ವರ್ಗದ ರೋಬೋಟುಗಳನ್ನು ಅದು ಅಳಿಸಿಯೇ ಹಾಕುತ್ತದೆ. ಹುಟ್ಟಿಗೆ ಕಸುಬು ಅಂಟಿಸುವ ಈ ವಿದ್ಯೆ ನಮಗೆ ಹೊಸದೇ?

ಇದನ್ನು ವಿರೋಧಿಸಿ ಗಣಿ ಕಾರ್ಮಿಕ ಮೆಗಾಟ್ರಾನ್ ಮೊದಲು ಹಿಡಿದದ್ದು ಲೇಖನಿಯನ್ನು. ಸಿಕ್ಕಿದ್ದು ಠಾಣೆಯ ಏಟು. ಆಮೇಲೆ ಆತ ಕೋಟಿಗಟ್ಟಲೆ ಜೀವ ತೆಗೆದ ಸರ್ವಾಧಿಕಾರಿಯಾದ. ಆ ಪಾಪಕ್ಕೆ ಕ್ಷಮೆಯಿಲ್ಲ. ಆದರೆ ಅಕ್ಷರಕ್ಕೆ ಏಟಿನಿಂದ ಉತ್ತರಿಸಿದ ಭ್ರಷ್ಟ ಆಳ್ವಿಕೆಯನ್ನು ಕಟಕಟೆಗೆ ಕರೆಯುವವರು ಯಾರು?